ಹಳಸಿದ್ದು, ಸವೆದದ್ದು, ತುಕ್ಕು ಹಿಡಿದದ್ದು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಮಂಗಳಕರವಾದ ಮಾತನ್ನಾಡಬೇಕೆಂಬುದು ರೂಢಿ. ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದು, "ಕನ್ನಡದ ಅಭಿವೃದ್ಧಿಯನ್ನು ಕುರಿತು ನಾಲ್ಕು ಮಾತು ಹೇಳಬೇಕು" ಎಂದಾಗ ನಾವೂ ಹಾಗೆಂದೇ ಒಪ್ಪಿಕೊಂಡೆವು. ಆದರೆ ಬರೆಯಲು ಕುಳಿತಾಗ ಅಭಿವೃದ್ಧಿಯ ವಿಷಯದಲ್ಲಿ ನಮಗೆ ಹೊಸದೇನೂ ಹೊಳೆಯಲಿಲ್ಲ. ಹೊಳೆದದ್ದೆಲ್ಲ ಅದಕ್ಕೆ ತೀರ ವಿರುದ್ಧವಾದ ವಿಷಯ. ಕೊಳೆಯುವುದು, ಹಳಸುವುದು, ಸವೆಯುವುದು, ತುಕ್ಕು ಹಿಡಿಯುವುದು, ಪಾಳು ಬೀಳುವುದು, ಹೀಗೆ ಕೆಡುವುದಕ್ಕೆ ಸಂಬಂಧಪಟ್ಟ ಕನ್ನಡದ ಮಾತುಗಳು. ಹಬ್ಬದ ದಿನ ಇದೇನು ಅಪಶಕುನ ಎಂದು ತಾವು ಮುನಿಯಬಾರದು. ಕೊನೆಯವರೆಗೆ ಕೇಳಿದರೆ ಈ ಮಾತುಗಳಲ್ಲಿಯೇ ಒಂದು ಮಂಗಳವೂ ಇದೆಯೆಂದು ತಮಗೆ ತೋರೀತು.

ಈ ವಿಷಯ ನಮ್ಮ ತಲೆಗೆ ಹೊಕ್ಕದ್ದು ಯಾವ ಗ್ರಂಥದಿಂದಲೂ ಅಲ್ಲ. ನಮ್ಮ ಮನೆಯ ಅಡುಗೆಯ ಕೋಣೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ. ನಮ್ಮ ತಾಯಿಯವರು ಸಿರಸಿ ಸೀಮೆಯ ತೋಟದ ಮನೆಯಲ್ಲಿ ಬಾಳಿದವರು. ಕಾಲು ಸೋತ ಮೇಲೆ ಕೊನೆಯ ನಾಲ್ಕು ವರ್ಷ ಮುಂಬಯಿಯಲ್ಲಿ ನಮ್ಮೊಡನೆ ಇದ್ದರು. ಆಷಾಢದ ಒಂದು ಮಧ್ಯಾಹ್ನ, ಹೊರಗೆ ಧೋ ಎಂದು ಮಳೆ. ಶಾಲೆಯಿಂದ ಬಂದ ಒಂಬತ್ತು ವರ್ಷದ ನಮ್ಮ ಮೊಮ್ಮಗಳು ಹಸಿದು ಪಾತ್ರೆಯ ಮುಚ್ಚಳ ತೆಗೆದಳು. ಬೆಳಗಿನ ಅನ್ನ, ಮುಚ್ಚಿಟ್ಟ ಬಿಸಿಗೆ ಬೆವತು ಕೆಟ್ಟಿತ್ತು. ಬಾಗಿಲ ಬಳಿ ಕುಳಿತಿದ್ದ ತಾಯಿಯವರಿಗೆ ವಾಸನೆ ಬಡಿಯಿತು. "ಕೂಸೇ, ಹಳಸಿದೆ" ಎಂದರು. ಮಗು ಒಂದು ಕ್ಷಣ ನಿಂತು ನೋಡಿ, ಬಟ್ಟಲಿಗೆ ಆ ಅನ್ನವನ್ನೇ ಬಡಿಸಿ, ಮೊಸರು ಹಾಕಿ, ತಂದು ದೊಡ್ಡಜ್ಜಿಯ ಮುಂದೆ ಇಟ್ಟಳು. ಅವಳ ಕಿವಿಗೆ ಬಿದ್ದದ್ದು 'ಹಸಿದಿದೆ' ಎಂದು. ದೊಡ್ಡಜ್ಜಿಗೆ ಹಸಿವಾಗಿದೆ ಎಂದುಕೊಂಡು, ತಾನು ತಿನ್ನುವ ಮೊದಲು ಅವರಿಗೆ ಕೊಟ್ಟಳು!

ಮಗುವಿನ ಮನಸ್ಸು ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ತಾಯಿಯವರು ನಕ್ಕರು, ಅವಳ ತಲೆ ನೇವರಿಸಿದರು. ಸಂಜೆ ನಾವು ಮನೆಗೆ ಬಂದಾಗ ಎಲ್ಲರೂ ಇದನ್ನೇ ಹೇಳಿ ನಗುತ್ತಿದ್ದರು. ನಾವೂ ನಕ್ಕೆವು. ಆದರೆ ಮಾರನೆಯ ದಿನದಿಂದ ಒಂದು ಬದಲಾವಣೆ ನಮ್ಮ ಲಕ್ಷ್ಯಕ್ಕೆ ಬಂತು. ಹಾಲು ಒಡೆದರೂ, ಸೊಪ್ಪು ಬಾಡಿದರೂ, ಹಣ್ಣು ಕೊಳೆತರೂ ನಮ್ಮ ತಾಯಿಯವರು ಮಗುವಿಗೆ ಹೇಳುತ್ತಿದ್ದುದು ಒಂದೇ ಮಾತು: "ಖರಾಬ್ ಆಗಿದೆ." ಎಂಬತ್ತಾರನೆಯ ವಯಸ್ಸಿನಲ್ಲಿ ಅವರು ಹೊಸದೊಂದು ಶಬ್ದ ಕಲಿತರು. ಒಂಬತ್ತು ವರ್ಷದ ಮಗು ಅವರ ಹಳೆಯ ಶಬ್ದವನ್ನು ಕಲಿಯಲಿಲ್ಲ. ಕಲಿಸಬೇಕಾಗಿದ್ದವರು ನಾವು. ನಾವು ನಗುತ್ತ ಕುಳಿತಿದ್ದೆವು.

ಅಂದಿನಿಂದ ಈ 'ಕೆಡುವ' ಮಾತುಗಳನ್ನು ಕೂಡಿಸುವ ಹುಚ್ಚು ನಮಗೆ ಹತ್ತಿತು. ಇಂಗ್ಲಿಷಿನಲ್ಲಿ 'ಡಿಕೇ' ಎಂಬ ಒಂದು ಶಬ್ದವಿದೆ. ಹಲ್ಲಿಗೂ ಅದೇ, ಮರಕ್ಕೂ ಅದೇ, ಸಾಮ್ರಾಜ್ಯಕ್ಕೂ ಅದೇ. ಲ್ಯಾಟಿನ್ನಿನಲ್ಲಿ 'ಕೆಳಗೆ ಬೀಳು' ಎಂಬ ಅರ್ಥದ ಮಾತಿನಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಶಬ್ದ ಅದು. ಇದಕ್ಕೆ ಕನ್ನಡದಲ್ಲಿ ಸಮಾನ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಾವು ತಡವರಿಸಬೇಕಾಗುತ್ತದೆ. ಶಬ್ದವಿಲ್ಲವೆಂದು ಅಲ್ಲ, ಯಾವುದನ್ನು ಹೇಳುವುದೆಂದು! "ಏನು ಕೆಟ್ಟಿದೆ? ಹೇಗೆ ಕೆಟ್ಟಿದೆ?" ಎಂದು ಮರುಪ್ರಶ್ನೆ ಹಾಕದೆ ಕನ್ನಡ ಉತ್ತರ ಕೊಡುವುದಿಲ್ಲ.

ಅಡುಗೆಯ ಮನೆಯಿಂದಲೇ ಹೊರಡೋಣ. ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಮೊಸರು ಹುಳಿಯಾಗುತ್ತದೆ. ಎಣ್ಣೆ, ಕೊಬ್ಬರಿ ಕಮಟುತ್ತವೆ. ಸೊಪ್ಪು ಬಾಡುತ್ತದೆ. ಹಣ್ಣು ಮೊದಲು ಮಾಗುತ್ತದೆ, ಆಮೇಲೆ ಕಳಿಯುತ್ತದೆ, ಕಟ್ಟಕಡೆಗೆ ಕೊಳೆಯುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ. ಅಕ್ಕಿ ಮುಗ್ಗುತ್ತದೆ. ಬಡಗಣ ಕರ್ನಾಟಕದವರು ನೆಲದೊಳಗಿನ ಹಗೇವಿನಿಂದ ತೆಗೆದ ಜೋಳದ ಮುಗ್ಗಲು ವಾಸನೆಯನ್ನು ಬಲ್ಲರು. ಬೇಳೆಗೆ ಹುಳು ಬೀಳುತ್ತದೆ. ಹಪ್ಪಳ ಮೆತ್ತಗಾಗುತ್ತದೆ. ಇವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ನೋಡಿ: 'ಹಾಲು ಬಾಡಿತು', 'ಸೊಪ್ಪು ಒಡೆಯಿತು' ಎಂದರೆ ಕೇಳಿದವರು ನಗುತ್ತಾರೆ.

ಇದು ಬರಿಯ ಶಬ್ದಗಳ ಶ್ರೀಮಂತಿಕೆಯೆಂದು ತಿಳಿಯಬಾರದು. ಪ್ರತಿಯೊಂದು ಮಾತಿನ ಹಿಂದೆಯೂ ಒಂದು ತೀರ್ಪಿದೆ, ಒಂದು ಉಪಾಯವಿದೆ. ಹಳಸಿದ ಅನ್ನವನ್ನು ಚೆಲ್ಲಬೇಕು. ಆದರೆ ತಂಗಳನ್ನವನ್ನು ಚೆಲ್ಲಬೇಕಾಗಿಲ್ಲ. ಅದು ರಾತ್ರಿ ಉಳಿದದ್ದು ಮಾತ್ರ, ಕೆಟ್ಟದ್ದಲ್ಲ. ಮಜ್ಜಿಗೆ, ಉಪ್ಪು, ಒಂದು ಹಸಿಮೆಣಸು ಇದ್ದರೆ ಅದೇ ಬೆಳಗಿನ ಊಟ. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿದರೆ ಮತ್ತೆ ಚೇತರಿಸಿಕೊಂಡೀತು. ಮುಗ್ಗಿದ ಅಕ್ಕಿಯನ್ನು ಬಿಸಿಲಿಗೆ ಹಾಕಿ ನೋಡಬಹುದು. ಹುಳಿ ಬಂದ ಹಿಟ್ಟಂತೂ ಕೆಟ್ಟದ್ದೇ ಅಲ್ಲ; ಹುಳಿ ಬರದಿದ್ದರೆ ಇಡ್ಲಿ ಇಲ್ಲ, ದೋಸೆ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಉದ್ದಿನ ಹಿಟ್ಟಿನಲ್ಲಿ ಬೆಳೆದು ಆಮ್ಲವನ್ನೂ ಗಾಳಿಯನ್ನೂ ಹುಟ್ಟಿಸುವುದರಿಂದಲೇ ಹಿಟ್ಟು ಉಬ್ಬುವುದು. ಅನ್ನ ಹಳಸುವುದೂ ಅಂಥ ಜೀವಿಗಳ ಕೆಲಸವೇ. ಒಂದನ್ನು 'ಹಳಸಿತು' ಎಂದು ಹೊರಗೆ ಹಾಕಿ, ಇನ್ನೊಂದನ್ನು 'ಹುಳಿ ಬಂತು' ಎಂದು ಒಲೆಯ ಮೇಲೆ ಇಡುವ ವಿವೇಕ ನಮ್ಮ ಅಜ್ಜಿಯರ ನಾಲಗೆಯಲ್ಲಿತ್ತು. ಎಲ್ಲಕ್ಕೂ 'ಖರಾಬ್' ಎಂದರೆ ಆ ವಿವೇಕಕ್ಕೆ ಸ್ಥಳವೆಲ್ಲಿ?

ಅಡುಗೆಯ ಮನೆಯಿಂದ ಹೊರಗೆ ಬಂದರೆ ಮನೆಯ ಮಿಕ್ಕ ಭಾಗಗಳಿಗೂ ಬೇರೆ ಬೇರೆ ಮಾತುಗಳಿವೆ. ಮರ ಲಡ್ಡಾಗುತ್ತದೆ, ಕುಟ್ಟೆ ಹಿಡಿದರೆ ಹಿಟ್ಟು ಉದುರುತ್ತದೆ, ಗೆದ್ದಲು ತಿಂದರೆ ಹೊರಗೆ ನೆಟ್ಟಗೆ ಕಂಡು ಒಳಗೆ ಟೊಳ್ಳಾಗುತ್ತದೆ. ಗೋಡೆ ಶಿಥಿಲವಾಗುತ್ತದೆ. ಬಟ್ಟೆಯ ಬಣ್ಣ ಮಾಸುತ್ತದೆ, ಅರಿವೆ ಜೀರ್ಣವಾಗುತ್ತದೆ. ಚಪ್ಪಲಿ ಸವೆಯುತ್ತದೆ, ಗಂಧದ ಕೊರಡು ತೇಯುತ್ತದೆ. ಹಲ್ಲು ಹುಳುಕಾಗುತ್ತದೆ. ಹುಳು ಹಲ್ಲನ್ನು ತಿನ್ನುತ್ತದೆಂದು ಹಿಂದಿನವರು ನಂಬಿದ್ದರಿಂದ ಬಂದ ಮಾತು ಇದು. ಸಿಹಿಯನ್ನು ತಿಂದು ಬಾಯಿಯ ಸೂಕ್ಷ್ಮಾಣುಗಳು ಹುಟ್ಟಿಸುವ ಆಮ್ಲ ಹಲ್ಲನ್ನು ಕರಗಿಸುತ್ತದೆ, ಹುಳುವಿನ ಮಾತು ಸುಳ್ಳು ಎಂದು ಈಗ ನಮಗೆ ಗೊತ್ತು. ಆದರೂ 'ಹುಳುಕು' ಉಳಿದಿದೆ. ಮಾತ್ರವಲ್ಲ, ಹಲ್ಲಿನಿಂದ ನೆಗೆದು ಲೆಕ್ಕಪತ್ರಕ್ಕೂ ರಾಜಕಾರಣಕ್ಕೂ ಹೋಗಿದೆ. ಎಲ್ಲಿ ಹುಳುಕಿದೆಯೋ ಅಲ್ಲಿ ಅದನ್ನು ಮುಚ್ಚುವವರು ಕೆಲವರು, ಎತ್ತಿ ಆಡುವವರು ಕೆಲವರು.

ಲೋಹದ ವಿಷಯದಲ್ಲಂತೂ ನಮ್ಮ ಜನರ ಸೂಕ್ಷ್ಮ ದೃಷ್ಟಿ ಮೆಚ್ಚುವಂಥದು. ಕಬ್ಬಿಣಕ್ಕೆ ತುಕ್ಕು, ಧಾರವಾಡದ ಕಡೆ ಇದನ್ನು ಜಂಗು ಎನ್ನುತ್ತಾರೆ. ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಎರಡೂ ಒಂದೇ ಜಾತಿಯವು ಎನ್ನಬಹುದಾದರೂ ಗುಣ ಬೇರೆ. ಕಬ್ಬಿಣದ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಗಾಳಿಗೂ ನೀರಿಗೂ ಒಡ್ಡುತ್ತದೆ. ಹೀಗೆ ಒಳಗೊಳಗೇ ತಿನ್ನುತ್ತ ಹೋಗುತ್ತದೆ. ತಾಮ್ರದ ಮೇಲಿನ ಹಸಿರು ಪದರವಾದರೋ ಅಂಟಿಕೊಂಡೇ ಇದ್ದು ಒಳಗಿನದಕ್ಕೆ ಒಂದಿಷ್ಟು ರಕ್ಷಣೆಯನ್ನೇ ಕೊಡುತ್ತದೆ. ಆದರೆ ಊಟದ ಪಾತ್ರೆಯಲ್ಲಿ ಅದು ವಿಷ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿಟ್ಟ ಮಜ್ಜಿಗೆ ಕಿಲುಬುತ್ತದೆ ಎಂದು ಪ್ರತಿಯೊಬ್ಬ ಗೃಹಿಣಿಗೂ ತಿಳಿದಿತ್ತು. ಅದಕ್ಕಾಗಿಯೇ ತವರದ ತುಂಡು, ನವಸಾಗರ, ತಿದಿ ಹಿಡಿದುಕೊಂಡು ಕಲಾಯಿಯವನು ಬೀದಿಗೆ ಬರುತ್ತಿದ್ದ. ಸ್ಟೀಲಿನ ಪಾತ್ರೆ ಬಂತು, ಕಲಾಯಿಯವನು ಹೋದ. ಅವನ ಹಿಂದೆಯೇ 'ಕಿಲುಬು' ಎಂಬ ಮಾತೂ ಹೊರಟುಹೋಯಿತು. ಇದಕ್ಕೆ ಯಾರೂ ಅಳಬೇಕಾಗಿಲ್ಲ. ವಸ್ತು ಹೋದ ಮೇಲೆ ಮಾತು ಹೋಗುವುದು ಲೋಕದ ಕ್ರಮ. ನಮಗೆ ದುಃಖವಾಗುವುದು ವಸ್ತು ಇದ್ದೂ ಮಾತು ಹೋದಾಗ. ಅನ್ನ ಈಗಲೂ ಹಳಸುತ್ತಿದೆಯಲ್ಲ!

ಈ ಮಾತುಗಳಲ್ಲಿ ಒಂದು, ಕನ್ನಡ ನಾಡಿನ ಗಡಿಯನ್ನು ದಾಟಿ ಲೋಕದ ವಿಜ್ಞಾನ ಗ್ರಂಥಗಳನ್ನು ಸೇರಿದೆಯೆಂದರೆ ತಮಗೆ ಆಶ್ಚರ್ಯವಾದೀತು. ಅದು 'ಕೊಳೆ'. ಅಡಕೆಯ ತೋಟದವರ ಮನೆಯಲ್ಲಿ ಮಳೆಗಾಲದಲ್ಲಿ ಈ ಮಾತನ್ನು ತಗ್ಗಿದ ದನಿಯಲ್ಲಿ ಆಡುತ್ತಾರೆ. ಎಡೆಬಿಡದ ಮಳೆ, ಮಂಜು, ನಡುವೆ ಒಂದಿಷ್ಟು ಬಿಸಿಲು. ಬೆಳಿಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ಎಳೆಯ ಕಾಯಿಗಳು ಉದುರಿ ಬಿದ್ದಿರುತ್ತವೆ. ವರ್ಷದ ಅನ್ನ ಕಣ್ಣೆದುರಿಗೆ ಕೊಳೆಯುತ್ತದೆ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೊನೆಗೌಡ ಒಂದು ಮರದಿಂದ ಇನ್ನೊಂದು ಮರಕ್ಕೆ ಹಾಯುವುದನ್ನು ನಾವು ಬಾಲ್ಯದಲ್ಲಿ ಬಾಯಿಬಿಟ್ಟು ನೋಡಿದ್ದೇವೆ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ, ಅದರ ಮೂಲವಾದ ಸೂಕ್ಷ್ಮ ಜೀವಿಯನ್ನು ಗುರುತಿಸಿ, 1910ರಲ್ಲಿ ಬರೆದು ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ತೋಟಗಳಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ನಮ್ಮ ಅಡಕೆಗೂ ಮದ್ದಾಯಿತು. ಇಂದಿಗೂ ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಹೊಡೆಯುವುದು ಅದನ್ನೇ. ಕೋಲ್ಮನ್ ಅವರು ಬರುವುದಕ್ಕೂ ಮೊದಲು, 1876ರಲ್ಲಿ, ಕಾಫಿ ಗಿಡದ ಎಲೆ ಕೊಳೆಯುವ ರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಹೆಸರಿಡುವಾಗ ನಮ್ಮ ತೋಟದವರ 'ಕೊಳೆರೋಗ' ಎಂಬ ಮಾತನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದರು. ಮುಂದೆ ಶಾಸ್ತ್ರಜ್ಞರು ಆ ಹೆಸರನ್ನು ಬದಲಿಸಿದರೂ ರೋಗದ ಹೆಸರಾಗಿ 'ಕೊಳೆರೋಗ' ಇಂಗ್ಲಿಷ್ ಗ್ರಂಥಗಳಲ್ಲಿ ಹಾಗೆಯೇ ನಿಂತಿದೆ. ಮಳೆಯಲ್ಲಿ ನೆನೆಯುತ್ತ ಕಂಗಾಲಾಗಿ ನಿಂತ ರೈತನ ಮಾತು ವಿಜ್ಞಾನಿಗೆ ಬೇಕಾಯಿತು. ಏಕೆಂದರೆ ಅವನು ಸರಿಯಾಗಿ ನೋಡಿ ಸರಿಯಾಗಿ ಹೆಸರಿಟ್ಟಿದ್ದ.

ಇನ್ನು 'ಹಾಳು'. ಈ ಮಾತಿನಷ್ಟು ದುಡಿದ ಮಾತು ಕನ್ನಡದಲ್ಲಿ ಮತ್ತೊಂದಿಲ್ಲವೆಂದೇ ಹೇಳಬೇಕು. ಹಾಳು ಹರಟೆ, ಹಾಳು ಹೊಟ್ಟೆ, ಹಾಳು ಮಳೆ. ತಾಯಿ ಮಗನನ್ನು 'ಹಾಳಾದವನೇ' ಎಂದು ಗದರುವಾಗ ಅದರಲ್ಲಿ ಶಾಪಕ್ಕಿಂತ ಮುದ್ದೇ ಹೆಚ್ಚು. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ನಮ್ಮ ಸಂಘ ಸಂಸ್ಥೆಗಳ ಚುನಾವಣೆಯ ಕಾಲದಲ್ಲಿ ಯಾರಾದರೂ ಒಬ್ಬರು ನೆನೆಸಿಯೇ ನೆನೆಸುತ್ತಾರೆ. ಹಳಗನ್ನಡದ 'ಪಾೞ್' ಎಂಬುದೇ ಈ 'ಹಾಳು'. ಅದೇ ಮಾತು 'ಪಾಳು' ಎಂಬ ಇನ್ನೊಂದು ವೇಷದಲ್ಲಿಯೂ ಉಳಿದಿದೆ. ಪಾಳು ಬಿದ್ದ ಮನೆ, ಪಾಳು ಬಾವಿ ಎನ್ನುತ್ತೇವೆ. 1565ರ ಯುದ್ಧದ ಅನಂತರ ವಿಜಯನಗರ ಬರಿದಾಯಿತು. ಜನ ಅದನ್ನು 'ಹಾಳು ಹಂಪೆ' ಎಂದರು. 1986ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಹೀಗೆ 'ಹಾಳು' ಎಂದು ಹೇಳಿ ಕೈಬಿಟ್ಟದ್ದೇ ಒಂದು ದಿನ ಲೋಕವೆಲ್ಲ ಬಂದು ನೋಡುವ ಸಂಪತ್ತಾಯಿತು.

ಕೆಡುಕಿನ ಮಾತನ್ನು ನೇರವಾಗಿ ಆಡಲು ನಮ್ಮ ಹಿರಿಯರು ಹಿಂಜರಿಯುತ್ತಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಮನೆಯಲ್ಲಿ ಅಕ್ಕಿ ಮುಗಿದರೆ 'ಇಲ್ಲ' ಎನ್ನುತ್ತಿರಲಿಲ್ಲ, 'ಹೆಚ್ಚಿದೆ' ಎನ್ನುತ್ತಿದ್ದರು. ಮಂಗಳಸೂತ್ರದ ದಾರ ಕಡಿದರೆ 'ಹೆಚ್ಚಿತು' ಎಂಬುದೇ ಮಾತು. ನಮ್ಮ ನೆರೆಯ ಮರಾಠಿ ತಾಯಂದಿರೂ ಬಳೆ ಒಡೆದರೆ 'ವಾಢಲೀ' ಎನ್ನುತ್ತಾರೆ, ಅಂದರೆ ಬೆಳೆಯಿತು! ಎರಡು ಭಾಷೆ, ಒಂದೇ ಅಂತಃಕರಣ. ಇಷ್ಟು ವರ್ಷ ಇವರ ನಡುವೆ ಬಾಳಿದ ನಮಗೆ ಇಂಥ ಹೋಲಿಕೆಗಳನ್ನು ಕಂಡಾಗ ಇದು ಪರಸ್ಥಳವೆಂದು ಅನ್ನಿಸುವುದಿಲ್ಲ.

ಸಂಸ್ಕೃತದಿಂದ ಬಂದ ಮಾತುಗಳನ್ನು ಬೇಗನೆ ನೋಡಿ ಮುಂದುವರಿಯೋಣ. 'ಕ್ಷಯ' ಎಂದರೆ ಕುಂದುವುದು. ಚಂದ್ರನಿಗೂ ಕ್ಷಯ, ದೇಹವನ್ನು ಕುಂದಿಸುವ ರೋಗವೂ ಕ್ಷಯ. ವಿಜ್ಞಾನದವರು ವಿಕಿರಣ ಸೂಸುವ ಪರಮಾಣುಗಳು ಕಾಲಕ್ರಮದಲ್ಲಿ ಬೇರೆಯಾಗಿ ಮಾರ್ಪಡುವುದಕ್ಕೂ ಈ ಮಾತನ್ನೇ ಆರಿಸಿಕೊಂಡಿದ್ದಾರೆ. ಕಾರ್ಬನ್ 14 ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ; ಆ ಕ್ಷಯವನ್ನು ಅಳೆದೇ ಹಳೆಯ ಮೂಳೆ, ಇದ್ದಿಲುಗಳ ವಯಸ್ಸನ್ನು ಹೇಳುತ್ತಾರೆ. ಆದರೆ ನಮಗೆ ಬಹಳ ಪ್ರಿಯವಾದ ಮಾತು 'ಜೀರ್ಣ'. ಹಳೆಯ ಅರಿವೆಯೂ ಜೀರ್ಣ, ಉಂಡ ಅನ್ನವೂ ಜೀರ್ಣ. ಮಗುವಿನ ಹೊಟ್ಟೆಯನ್ನು ನೀವುತ್ತ ಅಜ್ಜಿಯರು ಅಗಸ್ತ್ಯ ವಾತಾಪಿಗಳ ಹೆಸರೆತ್ತಿ ಜೀರ್ಣವಾಗಲೆಂದು ಹರಸುತ್ತಾರೆ. ಆ ವಾತಾಪಿಯ ಹೆಸರು ನಮ್ಮ ಬಾದಾಮಿಗೆ ಅಂಟಿಕೊಂಡಿದೆ. ಒಂದು ವಸ್ತು ತನ್ನ ರೂಪವನ್ನು ಕಳೆದುಕೊಂಡು ಇನ್ನೊಂದಕ್ಕೆ ಬಲವಾಗುವುದೂ ಜೀರ್ಣವೇ. ಕನ್ನಡ ಶಾಸನಗಳನ್ನು ಓದಿದವರಿಗೆ ದೇವಾಲಯ ಬಸದಿಗಳಿಗೆ ಕೊಟ್ಟ ದತ್ತಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಪದಪುಂಜ ನೆನಪಿರಬಹುದು: 'ಖಂಡಸ್ಫುಟಿತ ಜೀರ್ಣೋದ್ಧಾರ'. ಮುರಿದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದು, ಇವುಗಳ ದುರಸ್ತಿಗೆಂದು ಕಟ್ಟಿಸುವಾಗಲೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕಲ್ಲಿನ ಗುಡಿಯೂ ಒಂದು ದಿನ ಬಿರಿಯುತ್ತದೆಂದು ತಿಳಿದವರು ಅವರು. ಬಿರಿಯುವುದನ್ನು ತಡೆಯುತ್ತೇವೆಂದು ಹೆಮ್ಮೆ ಪಡಲಿಲ್ಲ, ಬಿರಿದಾಗ ಸರಿಪಡಿಸಲು ಏರ್ಪಾಡು ಮಾಡಿ ಹೋದರು.

ಭಾಷೆಯ ವಿಷಯಕ್ಕೆ ಬರೋಣ. ಮಾತು ಕೆಡುತ್ತದೆಂಬ ಭಯ ಇಂದಿನದಲ್ಲ. ಪತಂಜಲಿ ಮುನಿ 'ಗೌಃ' ಎಂಬ ಒಂದು ಶುದ್ಧ ಶಬ್ದಕ್ಕೆ ಗಾವೀ, ಗೋಣೀ ಮುಂತಾದ ಹಲವು ಅಪಭ್ರಂಶಗಳಿವೆ ಎಂದು ಹೇಳಿದ. ಅಪಭ್ರಂಶವೆಂದರೆ ಜಾರಿ ಬಿದ್ದದ್ದು. 1861ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಮಾಡಿದ ಮ್ಯಾಕ್ಸ್ ಮುಲ್ಲರ್, ಉಚ್ಚಾರದ ಸೋಮಾರಿತನದಿಂದ ಧ್ವನಿಗಳು ಸವೆಯುವುದನ್ನು ಧ್ವನಿಗಳ 'ಡಿಕೇ' ಎಂದೇ ಕರೆದ. ಹದಿಮೂರನೆಯ ಶತಮಾನದಲ್ಲಿ ನಮ್ಮ ಕೇಶಿರಾಜ, ಜನ 'ೞ'ವನ್ನೂ 'ಳ'ವನ್ನೂ ಬೆರೆಸುತ್ತಿದ್ದುದನ್ನು ಕಂಡು, ೞಕಾರವುಳ್ಳ ಮಾತುಗಳನ್ನು ಒಂದೊಂದಾಗಿ ಎಣಿಸಿ ಇಟ್ಟ. ಆದರೂ ಆ ಅಕ್ಷರ ಉಳಿಯಲಿಲ್ಲ. 'ಪಾಲು' ಹಾಲಾಯಿತು, 'ಪುಳಿ' ಹುಳಿಯಾಯಿತು, 'ಪಾೞ್' ಹಾಳಾಯಿತು. ಇಷ್ಟೆಲ್ಲ ಆದರೂ ಕನ್ನಡ ಹಾಳಾಯಿತೇ? ಇಲ್ಲ. ಪಕಾರ ಹೋಗಿ ಹಕಾರ ಬಂದ ಮೇಲೆಯೇ ನಮ್ಮ ದಾಸರ ಮನೆಮನೆಯ ಕನ್ನಡ ಬೆಳೆದದ್ದು. ಬಳಕೆಯಿಂದ ಮಾತು ಸವೆಯುವುದು ಮೆಟ್ಟಿಲ ಕಲ್ಲು ಸವೆದಂತೆ. ಸವೆದ ಮೆಟ್ಟಿಲನ್ನು ಕಂಡರೆ ಆ ಗುಡಿಗೆ ಜನ ಬರುತ್ತಿದ್ದಾರೆಂದು ಅರ್ಥ.

ಹಾಗಾದರೆ ಈ ಮಹಾನಗರದಲ್ಲಿರುವ ನಮ್ಮ ಕನ್ನಡಕ್ಕೆ ಏನಾಗಿದೆ? ಪ್ರತಿ ವರ್ಷ ಈ ವೇದಿಕೆಯ ಮೇಲಿನಿಂದ ಯಾರಾದರೊಬ್ಬರು "ಹೊರನಾಡಿನಲ್ಲಿ ಕನ್ನಡ ಹಾಳಾಗುತ್ತಿದೆ" ಎಂದು ಹೇಳಿ ನಿಟ್ಟುಸಿರು ಬಿಡುತ್ತೇವೆ. ನಾವೂ ಹಿಂದೆ ಬಿಟ್ಟಿದ್ದೇವೆ. ಆದರೆ ಈಗ ನಮಗೆ ಆ ಮಾತು ಸಾಲದೆನ್ನಿಸುತ್ತದೆ. ಅಜ್ಜಿಯರು ಕೇಳುವಂತೆ ನಾವೂ ಕೇಳಿಕೊಳ್ಳಬೇಕು: ಹೇಗೆ ಕೆಟ್ಟಿದೆ? ರೋಗಕ್ಕೆ ಸರಿಯಾದ ಹೆಸರು ಸಿಕ್ಕಿದರಲ್ಲವೇ ಮದ್ದು?

ನಮ್ಮ ಕನ್ನಡ ಹಳಸಿದೆಯೇ? ಹಳಸಿದ್ದರೆ ಚೆಲ್ಲುವುದೊಂದೇ ದಾರಿ. ಹಾಗೆ ಹೇಳಲು ಯಾರಿಗೂ ಬಾಯಿ ಬರಲಾರದು. ಕೊಳೆತಿದೆಯೇ? ಮರಾಠಿ, ಹಿಂದಿ, ಇಂಗ್ಲಿಷ್ ಮಾತುಗಳು ಬೆರೆತದ್ದನ್ನು ಕೆಲವರು ಹಾಗೆನ್ನುತ್ತಾರೆ. ನಾವು ಒಪ್ಪುವುದಿಲ್ಲ. ಕಲಾಯಿ ಎಲ್ಲಿಯದು? ಜಂಗು ಎಲ್ಲಿಯದು? ಬಂದವರನ್ನೆಲ್ಲ ಉಣಿಸಿ ಮನೆಯವರನ್ನಾಗಿ ಮಾಡಿಕೊಂಡ ಭಾಷೆ ನಮ್ಮದು. ಅದು ಜೀರ್ಣಿಸಿಕೊಳ್ಳುವುದೇ ಹೊರತು ಕೊಳೆಯುವುದಲ್ಲ. ಸವೆದಿದೆಯೇ? ಸವೆಯಬೇಕಾದರೆ ಬಳಸಬೇಕು. ಅಷ್ಟು ಪುಣ್ಯ ನಮಗೆಲ್ಲಿ! ಪಾಳು ಬಿದ್ದಿದೆಯೇ? ಸಂಘವಿದೆ, ಹಬ್ಬವಿದೆ, ಈ ಸಂಚಿಕೆಯಿದೆ, ತಾವೆಲ್ಲ ಬಂದಿದ್ದೀರಿ. ಬಾಗಿಲು ತೆರೆದೇ ಇದೆ.

ನಮಗೆ ತೋರುವಂತೆ ಅದಕ್ಕೆ ಆಗಿರುವುದು ತುಕ್ಕು. ಬಳಸದೆ ಮೂಲೆಯಲ್ಲಿಟ್ಟ ಈಳಿಗೆಮಣೆಗೆ ಹಿಡಿಯುವ ತುಕ್ಕು. ದಿನವೂ ಕೈಗೆ ಬರುವ ಈಳಿಗೆಗೆ ತುಕ್ಕು ಹಿಡಿಯುವುದಿಲ್ಲ. ಹಬ್ಬಕ್ಕೆ ಮಾತ್ರ ತೆಗೆದರೆ ಹಿಡಿಯದೆ ಬಿಡುವುದಿಲ್ಲ, ಅದರಲ್ಲಿಯೂ ಈ ಕಡಲ ಗಾಳಿಯಲ್ಲಿ. ಕನ್ನಡವನ್ನು ನಾವು ಭಾಷಣಕ್ಕೆಂದು, ನಾಟಕಕ್ಕೆಂದು, ಸನ್ಮಾನಕ್ಕೆಂದು ಜೋಪಾನವಾಗಿ ಇಟ್ಟಿದ್ದೇವೆ. ಅನ್ನ ಹಳಸಿದಾಗ ಮಾತ್ರ ಹಿಂದಿ! ಹಬ್ಬದ ಕನ್ನಡ ನಮ್ಮಲ್ಲಿ ಚೆನ್ನಾಗಿಯೇ ಉಳಿದಿದೆ. ತುಕ್ಕು ಹಿಡಿದಿರುವುದು ಅಡುಗೆಯ ಮನೆಯ ಕನ್ನಡಕ್ಕೆ.

ಈ ನಗರದಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಹುಡುಗರ ಕಥೆ ನಮ್ಮ ಹಿರಿಯರಿಗೆ ಗೊತ್ತು. ಈ ಸಭೆಯಲ್ಲಿಯೇ ಅಂಥವರು ಇದ್ದಾರೆ. ಅವರ ಕನ್ನಡಕ್ಕೆ ತುಕ್ಕು ಹಿಡಿಯಲಿಲ್ಲ. ಅವರಿಗೆ ಅದು ಅನ್ನದ ಭಾಷೆ, ಬೈಗುಳದ ಭಾಷೆ, ಊರಿಗೆ ಕಾಗದ ಬರೆಯುವ ಭಾಷೆ. ಈಗ ಕನ್ನಡ ಶಾಲೆಗಳಲ್ಲಿ ಮಕ್ಕಳು ಕುಂದಿದ್ದಾರೆ. ಅದಕ್ಕೆ ಕಾರಣಗಳು ಹಲವು. ಮಕ್ಕಳ ಭವಿಷ್ಯವನ್ನು ನೋಡಿ ಬೇರೆ ಶಾಲೆಗೆ ಹಾಕಿದವರನ್ನು ನಾವು ದೂರುವುದಿಲ್ಲ, ನಾವೂ ಹಾಗೆಯೇ ಮಾಡಿದವರು. ಆದರೆ 'ಬಾಡಿದೆ', 'ಮುಗ್ಗಿದೆ', 'ಹುಳಿ ಬಂದಿದೆ' ಎಂದು ಹೇಳಿಕೊಡಲು ಶಾಲೆ ಬೇಕಾಗಿಲ್ಲ. ಮನೆಯಲ್ಲಿ ಒಬ್ಬರು ಆಡಿದರೆ ಸಾಕು. ಮಗುವಿಗೆ ತಿಳಿಯದಿದ್ದರೆ ಮಾತನ್ನು ಬದಲಿಸದೆ, ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ಮತ್ತೊಮ್ಮೆ ಅದೇ ಮಾತನ್ನು ಹೇಳಬೇಕು. ನಾವು ಮಾಡದೆ ಹೋದದ್ದು ಅಷ್ಟೇ ಕೆಲಸ.

ನಮ್ಮ ತಾಯಿಯವರು ಕಳೆದ ಮಾಘದಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಎರಡು ಸೀರೆ, ಒಂದು ಅಡಕತ್ತರಿ ಇದ್ದವು. ಅಡಕತ್ತರಿಗೆ ತುಕ್ಕು ಹಿಡಿದಿತ್ತು. ಇಲ್ಲಿಗೆ ಬಂದ ಮೇಲೆ ಅವರು ಅದನ್ನು ಬಳಸಿರಲಿಲ್ಲ. ಮೊಮ್ಮಗಳು ಅದನ್ನು ಕೈಗೆತ್ತಿಕೊಂಡು, "ಅಜ್ಜ, ಇದು ಖರಾಬ್ ಆಗಿದೆಯಾ?" ಎಂದು ಕೇಳಿದಳು. "ಖರಾಬ್ ಅಲ್ಲ ಕೂಸೇ, ತುಕ್ಕು ಹಿಡಿದಿದೆ. ಉಜ್ಜಿದರೆ ಹೋಗುತ್ತದೆ" ಎಂದೆವು. ಇಬ್ಬರೂ ಕುಳಿತು ಎಣ್ಣೆ ಹಾಕಿ ಉಜ್ಜಿದೆವು. ಪೂರ್ತಿ ಹೋಗಲಿಲ್ಲ. ಆದರೆ ಅಡಕೆ ಕತ್ತರಿಸುವಷ್ಟು ಹದವಾಯಿತು.

ಅಂದಿನಿಂದ ಅವಳೂ ನಾವೂ ಸೇರಿ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ದೊಡ್ಡಜ್ಜಿ ಆಡುತ್ತಿದ್ದ ಮಾತುಗಳಲ್ಲಿ ನಮಗೆ ನೆನಪಾದವನ್ನು ನಾವು ಹೇಳುತ್ತೇವೆ, ಅವಳು ಬರೆಯುತ್ತಾಳೆ. ಅವಳಿಗೆ ಕನ್ನಡ ಲಿಪಿ ಬಾರದು, ನಾಗರಿಯಲ್ಲಿ ಬರೆಯುತ್ತಾಳೆ. ಮೊದಲ ಪುಟದ ಮೊದಲ ಮಾತು 'ಹಳಸು'. ಮೊದಲು ನಮಗೆ ಅದನ್ನು ನೋಡಿ ಸಂಕಟವಾಯಿತು. ಈಗ ಹಾಗನ್ನಿಸುವುದಿಲ್ಲ. ಕಳೆದ ವಾರ ಅವಳು ತಾನಾಗಿಯೇ, "ಇದನ್ನು ನಿಮ್ಮ ಅಕ್ಷರದಲ್ಲಿ ಹೇಗೆ ಬರೆಯುವುದು?" ಎಂದು ಕೇಳಿದಳು. 'ನಮ್ಮ' ಎನ್ನಲಿಲ್ಲ, 'ನಿಮ್ಮ' ಎಂದಳು. ಇರಲಿ, ಕೇಳಿದಳಲ್ಲ! ಹ, ಳ, ಸು ಎಂದು ಬರೆದು ತೋರಿಸಿದೆವು. 'ಳ' ಬರೆಯಲು ನಾಲ್ಕು ಸಲ ತಿದ್ದಬೇಕಾಯಿತು.

ತಮ್ಮಲ್ಲಿ ನಮ್ಮದೊಂದು ಅರಿಕೆ. ತಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಇಂದು ರಾತ್ರಿ ಊಟದ ಹೊತ್ತಿಗೆ ಅವರಿಂದ ಇಂಥ ಒಂದು ಮಾತನ್ನು ಕೇಳಿ ತಿಳಿದುಕೊಳ್ಳಿ. ಮಕ್ಕಳ ಕಿವಿಗೂ ಹಾಕಿ. ನಮ್ಮ ಪುಸ್ತಕದಲ್ಲಿ ಇನ್ನೂ ಬಹಳ ಪುಟಗಳು ಬರಿದಾಗಿವೆ. ಮಂಗಳೂರಿನವರು, ಧಾರವಾಡದವರು, ಮೈಸೂರಿನವರು, ಬೀದರಿನವರು ಎಲ್ಲರ ಮಾತಿಗೂ ಅದರಲ್ಲಿ ಸ್ಥಳವುಂಟು. ಬರೆದುಕೊಳ್ಳಲು ಮೊಮ್ಮಗಳು ಸಿದ್ಧಳಿದ್ದಾಳೆ. ಅಗೋ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ.